ಮನೆತನದ ದುಡುಕಿಗೊಂದು ನಕ್ಷೆ: ಬೈಪೋಲಾರ್ ಇರುವವರು ಬರೆದುಕೊಳ್ಳುವ ಬಗೆ

ನನಗೆ ಬೈಪೋಲಾರ್ ಇದೆ ಅಂತ ಗೊತ್ತಾಗಿ ಹದಿನೇಳು ವರ್ಷ ಆಯಿತು. ಮನಸ್ಸು ಕೆಲವು ಕಾಲ ಅತಿ ಹುರುಪಿನ ಉಬ್ಬರಕ್ಕೆ ಏರಿ, ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ ಅದು. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಕಾಯಿಲೆ ಬಯಲಾದದ್ದು ಹೋರಿಗಳಿಂದ. ಒಂದು ಬೇಸಿಗೆಯಲ್ಲಿ ದನಗಳ ಜಾತ್ರೆಗೆ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದವನು ಮೂರು ಜೊತೆ ಹಳ್ಳಿಕಾರ್ ಹೋರಿಗಳಿಗೆ ಮುಂಗಡ ಕೊಟ್ಟು ಬಂದೆ. ಮನೆಯಲ್ಲಿ ಕೊಟ್ಟಿಗೆಯೇ ಇರಲಿಲ್ಲ. ಇದ್ದದ್ದನ್ನು ಹಿಂದಿನ ವಾರವಷ್ಟೇ ನಾನೇ ಕೆಡವಿಸಿದ್ದೆ, ಅಲ್ಲಿ ಬೆಲ್ಲದ ಗೋಡೌನ್ ಕಟ್ಟಬೇಕು ಅಂತ. ಅವ್ವ "ಆತುರಗಾರನಿಗೆ ಬುದ್ಧಿ ಮಟ್ಟ" ಅಂದಳು. ಅಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ. ಯಾಕೆ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆಗ ಡಾಕ್ಟರು ಕೇಳಿದ್ದರು: "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?" ನಾನು ಇಲ್ಲ ಅಂದೆ. ಸುಳ್ಳು ಹೇಳಿರಲಿಲ್ಲ, ನನಗೆ ಗೊತ್ತಿದ್ದದ್ದೇ ಅಷ್ಟು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿಕೊಳ್ಳುವುದು ಹೇಗೆ, ಸಿಕ್ಕ ಉತ್ತರವನ್ನು ಏನು ಮಾಡುವುದು ಅನ್ನುವುದನ್ನು ನಾನು ಮಾಡಿದ ಹಾಗೆಯೇ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. "ದುಡುಕಿನ ಜೀನ್" ಅಂತ ಒಂದೇ ಒಂದು ಇಲ್ಲ. ನಾನು ಇದೆ ಅಂದುಕೊಂಡಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಜಾಹೀರಾತು ನೋಡಿ, ಎಂಜಲು ಕೊರಿಯರ್ ಮಾಡಿದರೆ ಜೀನ್ ಪರೀಕ್ಷೆ ಮಾಡಿಕೊಡುತ್ತೇವೆ ಅಂದವರಿಗೆ ಒಂಬತ್ತು ಸಾವಿರ ಕಟ್ಟಿದೆ. ದುಡುಕು ಎಲ್ಲಿಂದ ಬಂತು ಅಂತ ತಿಳಿಯಲು ದುಡುಕಿಯೇ ದುಡ್ಡು ಕಟ್ಟಿದೆ! ಬಂದ ವರದಿಯನ್ನು ಡಾಕ್ಟರು ಮಡಚಿ ವಾಪಸ್ ಕೊಟ್ಟರು. ಬೈಪೋಲಾರ್ ಇದೆಯೋ ಇಲ್ಲವೋ ಅಂತ ಹೇಳುವ ಜೀನ್ ಪರೀಕ್ಷೆ ಇವತ್ತಿಗೂ ಇಲ್ಲ.

ಇರುವ ವಿಷಯ ಇಷ್ಟು. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಬೈಪೋಲಾರ್ ಜೊತೆ ನಂಟಿರುವ 64 ಜಾಗಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿತು. 2025ರಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ರೋಗಿಗಳನ್ನು ನೋಡಿದಾಗ ಅದು 298ಕ್ಕೆ ಏರಿತು. ಒಂದೊಂದೂ ತಳ್ಳುವುದು ಒಂಚೂರು ಮಾತ್ರ. ನಮ್ಮ ಕೊಪ್ಪರಿಗೆಯಲ್ಲಿ ನೂರಾರು ಜಲ್ಲೆಗಳ ಹಾಲು ಕುದಿಯುತ್ತಿರುತ್ತದೆ. ಸಿಹಿ ಯಾವ ಜಲ್ಲೆಯದು ಅಂತ ಕೇಳಿದರೆ ಏನು ಹೇಳುವುದು? ಮೇಲಾಗಿ ಕೆಳಗೆ ಬೆಂಕಿ ಎಷ್ಟಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ದುಡುಕಿನ ಸ್ವಭಾವವೂ ಹೀಗೆಯೇ. ಅವಳಿಗಳ ಅಧ್ಯಯನಗಳ ಪ್ರಕಾರ ಜನರಲ್ಲಿ ಕಾಣುವ ದುಡುಕಿನ ಹೆಚ್ಚುಕಡಿಮೆಯಲ್ಲಿ ಸುಮಾರು ಅರ್ಧ ಹುಟ್ಟಿನಿಂದ ಬಂದದ್ದು, ಉಳಿದದ್ದು ಬದುಕಿನಿಂದ. ಬೈಪೋಲಾರ್‌ನಲ್ಲಿ ಹುಟ್ಟಿನ ಪಾಲು ಇನ್ನೂ ಜಾಸ್ತಿ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಅಂತಿಲ್ಲ.

ಈಗ ಕೆಲಸಕ್ಕೆ, ಅಂದರೆ ಮನೆತನದ ನಕ್ಷೆ ಬರೆಯುವುದಕ್ಕೆ, ಬರೋಣ. ಮಕ್ಕಳ ದೊಡ್ಡ ಡ್ರಾಯಿಂಗ್ ಹಾಳೆ ಒಂದು ತೆಗೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಗಂಡ ಹೆಂಡತಿ ನಡುವೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ. ಕಾಯಿಲೆ ಖಚಿತವಾಗಿ ಇದ್ದವರ ಆಕಾರದೊಳಗೆ ಬಣ್ಣ ತುಂಬಿ. ಮೂರು ತಲೆಮಾರು ಸಾಕು. ನಮ್ಮ ಕಡೆ ಒಂದು ತೊಡಕಿದೆ. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟಿರುತ್ತಾರೆ, ಗೆರೆ ಎಲ್ಲೋ ಹೋಗಿ ವಾಪಸ್ ಮನೆಗೇ ಬರುತ್ತದೆ. ನಮ್ಮಜ್ಜಿ ಮದುವೆಯಾದದ್ದು ಸ್ವಂತ ಸೋದರಮಾವನನ್ನೇ. ಅಂಥ ಕಡೆ ಜೋಡಿಗೆರೆ ಎಳೆಯಿರಿ. ಡಾಕ್ಟರಿಗೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ಕೇಳುವುದೇ ಕಷ್ಟದ ಭಾಗ. "ನಮ್ಮ ವಂಶದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತಾ" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ. ನಾನು ಸೋದರತ್ತೆ ಮನೆಗೆ ಹೋದದ್ದು ಅವರೆಕಾಯಿ ಕಾಲದಲ್ಲಿ. ಜಗುಲಿಯಲ್ಲಿ ಕೂತು ನಾನೂ ಸುಲಿಯುತ್ತಾ ಬೇರೆ ತರಹ ಕೇಳಿದೆ. ನಮ್ಮಲ್ಲಿ ಜಮೀನು ಯಾರು ಮಾರಿದ್ದು, ಯಾವಾಗ? ಹೇಳದೆ ಊರು ಬಿಟ್ಟವರು ಯಾರು? ಇಸ್ಪೀಟು, ಹೆಂಡದಲ್ಲಿ ಕೆಟ್ಟವರು? ತಿಂಗಳುಗಟ್ಟಲೆ ಚಾಪೆ ಬಿಟ್ಟು ಏಳದವರು? ರಾತ್ರಿ ಮಲಗದೆ ಓಡಾಡಿದವರು?

ಅತ್ತೆಯ ಕೈ ನಿಂತಿತು. "ನಿಮ್ಮ ತಾತ ಒಂದ್ಸಲ ಹದಿನೈದು ದಿನ ಕಣ್ಣು ಮುಚ್ಚಲಿಲ್ಲ ಕಣ್ಲಾ ಮಗ. ಲಾಟೀನು ಹಚ್ಕೊಂಡು ರಾತ್ರಿಯೆಲ್ಲಾ ಬಾವಿ ತೋಡಿಸ್ತಿತ್ತು. ಒಂದಲ್ಲ, ಮೂರು ಬಾವಿ. ನೀರು ಒಂದ್ರಲ್ಲೂ ಬರ್ಲಿಲ್ಲ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ರು." ಆಮೇಲೆ ಒಂದೊಂದೇ ಬಂತು. ಅಪ್ಪ ಇಪ್ಪತ್ತೆರಡರ ವಯಸ್ಸಿನಲ್ಲಿ ಗದ್ದೆಯಲ್ಲಿ ನಿಂತಿದ್ದ ಭತ್ತವನ್ನು ಅರ್ಧ ಬೆಲೆಗೆ ಮಾರಿ ಬೈಕು ತಂದಿದ್ದನಂತೆ. ಮೈಸೂರಿನ ಚಿಕ್ಕಪ್ಪ "ಬಿಪಿ ಮಾತ್ರೆ" ಅಂತ ವರ್ಷಗಟ್ಟಲೆ ನುಂಗುತ್ತಿದ್ದದ್ದು ಬಿಪಿಗಲ್ಲವಂತೆ.

ಚಿಕ್ಕಪ್ಪನ ಹತ್ತಿರ ಹೋಗಿ ಕೇಳಿದೆ. ಒಳಗೆ ಹೋಗಿ ಶೀಟು ತಂದು ಕೈಗಿಟ್ಟರು. ಲಿಥಿಯಂ. ಬೈಪೋಲಾರ್‌ಗೆ ಕೊಡುವ ಮಾತ್ರೆ ಅದು. ಅದರಲ್ಲೇ ಚೆನ್ನಾಗಿದ್ದರು. ಲಿಥಿಯಂಗೆ ಕಾಯಿಲೆ ಬಗ್ಗುವ ಗುಣ ಕೆಲವು ಮನೆತನಗಳಲ್ಲಿ ಒಟ್ಟಿಗೇ ಬರುತ್ತದೆ. ಹಾಗಾಗಿ ನಕ್ಷೆಯಲ್ಲಿ ಪ್ರತಿ ಆಕಾರದ ಪಕ್ಕ ಔಷಧಿ ಹೆಸರು, ಅದು ಹಿಡಿಯಿತೋ ಇಲ್ಲವೋ ಅನ್ನುವುದನ್ನು ಬರೆಯಲೇಬೇಕು. ನನ್ನ ಡಾಕ್ಟರು ಹಾಳೆಯಲ್ಲಿ ಹೆಚ್ಚು ಹೊತ್ತು ನೋಡಿದ್ದು ಅದನ್ನೇ. ಖಿನ್ನತೆಯ ಮಾತ್ರೆ ತಿಂದು ಇದ್ದಕ್ಕಿದ್ದಂತೆ ಉಬ್ಬರಕ್ಕೆ ಹೋದವರಿದ್ದರೆ ಅದನ್ನೂ ಬರೆಯಿರಿ. ಆದರೆ ಚಿಕ್ಕಪ್ಪನ ಮಾತ್ರೆ ನೀವು ತೆಗೆದು ನುಂಗಬೇಡಿ. ಲಿಥಿಯಂಗೆ ರಕ್ತದ ಮಟ್ಟ, ಕಿಡ್ನಿ, ಥೈರಾಯ್ಡ್ ನೋಡುತ್ತಿರಬೇಕು. ನಮ್ಮಂಥವರು ಒಲೆ ಮುಂದೆ ಬೆವರು ಸುರಿಸಿ ನೀರು ಕುಡಿಯದಿದ್ದರೆ ಮಟ್ಟ ಏರಿಬಿಡುತ್ತದೆ.

"ಕಾಲು ಜಾರಿ ನಾಲೆಗೆ ಬಿದ್ದ" ಅಂತ ಮನೆಯವರು ತಗ್ಗಿದ ದನಿಯಲ್ಲಿ ಹೇಳುವ ಒಬ್ಬರು ಅನೇಕ ಕುಟುಂಬಗಳಲ್ಲಿ ಇರುತ್ತಾರೆ. ನಮ್ಮಲ್ಲೂ ಇದ್ದರು. ಕೆದಕಬೇಡಿ, ಆದರೆ ಅಲ್ಲೊಂದು ಸಣ್ಣ ಗುರುತು ಹಾಕಿ ಡಾಕ್ಟರಿಗೆ ಬಾಯಲ್ಲಿ ಹೇಳಿ. ಬೈಪೋಲಾರ್‌ನಲ್ಲಿ ದುಡುಕು ಹಣಕ್ಕಷ್ಟೇ ನಿಲ್ಲುವುದಿಲ್ಲ. ಸಾಯುವ ಯೋಚನೆ ನಿಮಗೇ ಬಂದರೆ ನಕ್ಷೆ ಗಿಕ್ಷೆ ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ಆಗಲೇ ಹೇಳಿಬಿಡಿ.

ಹೆಸರುಗಳು ತುಂಬಿದ ಮೇಲೆ ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಯಾವಾಗಲೂ ಇರುವ ದುಡುಕಿಗೆ ನೀಲಿ, ಉಬ್ಬರ ಬಂದಾಗ ಮಾತ್ರ ಕಾಣುವುದಕ್ಕೆ ಕೆಂಪು. ಇದೇ ನನಗೆ ಅತಿ ಹೆಚ್ಚು ಉಪಯೋಗವಾದದ್ದು. ಬೈಪೋಲಾರ್ ಇರುವವರಲ್ಲಿ ಮನಸ್ಸು ಸಮವಾಗಿದ್ದಾಗಲೂ ದುಡುಕು ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಹಾಗಾಗಿ "ಈಗ ಹುಷಾರಾಗಿದ್ದೀನಲ್ಲ" ಅಂತ ಕಾವಲು ತೆಗೆದುಬಿಟ್ಟರೆ ಕೆಟ್ಟಿರಿ.

ದುಡುಕಿನಲ್ಲೂ ಬಗೆಗಳಿವೆ. ಬ್ಯಾರಟ್ ಮಾಪಕ ಅಂತ 30 ಪ್ರಶ್ನೆಗಳ ಪಟ್ಟಿಯೊಂದಿದೆ. ಅದು ದುಡುಕನ್ನು ಮೂರಾಗಿ ಒಡೆಯುತ್ತದೆ: ಮನಸ್ಸು ಒಂದು ಕಡೆ ನಿಲ್ಲದ್ದು, ಯೋಚಿಸುವ ಮೊದಲೇ ಕೈ ಓಡುವುದು, ನಾಳೆಯ ಲೆಕ್ಕವೇ ಇಲ್ಲದ್ದು. ನಮ್ಮ ಮನೆತನದಲ್ಲಿ ತಾತ, ಅಪ್ಪ, ನಾನು ಮೂವರದ್ದೂ ಎರಡನೆಯದು. ಕೈಗೆ ದುಡ್ಡು ಬಂದ ದಿನ ಕೈ ಓಡುತ್ತದೆ. ನಿಮ್ಮ ಮನೆಯದು ಬೇರೆ ಇರಬಹುದು. ಬೇಲಿ ಎಲ್ಲಿ ಹಾಕಬೇಕು ಅನ್ನುವುದು ಇದರಿಂದಲೇ ಗೊತ್ತಾಗುವುದು.

ನನ್ನ ಬೇಲಿಗಳು ಹೀಗಿವೆ. ಬೆಲ್ಲ ಮಾರಿದ ದುಡ್ಡು ನೇರ ಹೆಂಡತಿ ಖಾತೆಗೆ ಹೋಗುತ್ತದೆ. ನನ್ನ ಫೋನಿನಿಂದ ದಿನಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ ಹೋಗದ ಹಾಗೆ ಬ್ಯಾಂಕಿನಲ್ಲಿ ಮಿತಿ ಹಾಕಿಸಿದ್ದೇನೆ. ಜಮೀನಿನ ಪತ್ರಗಳು ಅತ್ತೆಯ ಟ್ರಂಕಿನಲ್ಲಿವೆ, ಬೀಗದ ಕೈ ಅವಳ ಸೊಂಟದಲ್ಲಿ. ಐದು ಸಾವಿರ ಮೀರಿದ ಯಾವ ವ್ಯವಹಾರಕ್ಕೂ ಎರಡು ರಾತ್ರಿ ಕಾಯಬೇಕು. ಐದು ಗಂಟೆಗಿಂತ ಕಡಿಮೆ ಮಲಗಿದ ರಾತ್ರಿ ಲೆಕ್ಕಕ್ಕಿಲ್ಲ. ನಿದ್ದೆ ಕಡಿಮೆಯಾಗಿಯೂ ಸುಸ್ತಾಗದಿರುವುದು ಉಬ್ಬರದ ಮೊದಮೊದಲ ಗುರುತುಗಳಲ್ಲಿ ಒಂದು. ಆಲೆಮನೆಯಲ್ಲಿ ಹದ ನೋಡಲು ಪಾಕದ ಒಂದು ಹನಿ ತಣ್ಣೀರಿಗೆ ಬಿಡುತ್ತೇವೆ. ಹೆಂಡತಿ ನನ್ನ ನಿದ್ದೆಯನ್ನು ಹಾಗೆ ನೋಡುತ್ತಾಳೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಗಂಟೆ ಬರೆದಿಡುತ್ತಾಳೆ.

ಹುಷಾರಾಗಿದ್ದಾಗಲೇ ಮಾಡಬೇಕಾದ್ದು ಇನ್ನೊಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ನನ್ನ ಬುದ್ಧಿ ಕೈಕೊಟ್ಟಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಮೊದಲೇ ಬರೆದಿಡುವ ಹಕ್ಕಿದೆ. ಡಾಕ್ಟರನ್ನು ಕೇಳಿ ಮಾಡಿಸಿಕೊಳ್ಳಿ.

ಹಾಳೆಯನ್ನು ಕಂಡಕಂಡವರಿಗೆ ತೋರಿಸಬೇಡಿ. ನಾನು ಹಾಲ್‌ನಲ್ಲಿ ಬಿಟ್ಟಿದ್ದೆ. ಯಾರೋ ನೋಡಿ, ತಂಗಿಯ ಮಗಳಿಗೆ ಬಂದಿದ್ದ ಒಂದು ಸಂಬಂಧ ಮುರಿಯಿತು. ತಂಗಿ ಆರು ತಿಂಗಳು ಮಾತು ಬಿಟ್ಟಳು. ಈಗ ಅದು ಬೀರುವಿನಲ್ಲಿದೆ, ಡಾಕ್ಟರ ಫೈಲಿನಲ್ಲಿ ಒಂದು ಜೆರಾಕ್ಸ್.

ಮಗಳು ಒಂದು ದಿನ ಅದೇ ಹಾಳೆ ಹಿಡಿದು ಬಂದಳು. ತನ್ನ ವೃತ್ತಕ್ಕೆ ಬೆರಳಿಟ್ಟು "ನಂಗೂ ಬರುತ್ತಾ ಅಪ್ಪಾ?" ಅಂದಳು. ಇದ್ದ ಅಂಕಿಯನ್ನೇ ಹೇಳಿದೆ. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುತ್ತದೆ, ಅಪ್ಪನಿಗೋ ಅಮ್ಮನಿಗೋ ಇದ್ದರೆ ಐದರಿಂದ ಹತ್ತು ಜನಕ್ಕೆ. ಅಂದರೆ ನೂರರಲ್ಲಿ ತೊಂಬತ್ತು ಜನವಾದರೂ ಇದಿಲ್ಲದೆಯೇ ಇರುತ್ತಾರೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ತನ್ನ ವೃತ್ತದ ಪಕ್ಕ ನೀಲಿ ಪೆನ್ನಿನಲ್ಲಿ "ಅಮೆಜಾನ್" ಅಂತ ಬರೆದಳು.

ಮೊನ್ನೆ ಒಂದು ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಬಂದಿತ್ತು. ಬೆಲೆ ಸರಿಯಿತ್ತು, ನನಗೆ ಬೇಕಾಗಿಯೂ ಇತ್ತು. ಮೊದಲ ರಾತ್ರಿ ಏಳು ಗಂಟೆ ನಿದ್ದೆ. ಎರಡನೇ ರಾತ್ರಿ ಕ್ಯಾಲೆಂಡರಿನಲ್ಲಿ ನಾಲ್ಕು ಅಂತ ಬಿತ್ತು. ಇನ್ನೊಂದು ರಾತ್ರಿ ಕಾಯುವಷ್ಟರಲ್ಲಿ ಅದು ಮದ್ದೂರಿನವರ ಪಾಲಾಯಿತು. ಒಳ್ಳೇ ಗಾಡಿ. ದಾರಿಯಲ್ಲಿ ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.