ಪಕ್ಕದ ಜಮೀನಿನ ಭೂ ಉಪಯೋಗ ಬದಲಾಗುತ್ತಿದೆಯೇ? ಆಕ್ಷೇಪಣೆ ಹೀಗೆ ಬರೆಯಿರಿ

ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆ. ಇಂಥ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಇಷ್ಟು ಗುಂಟೆಯನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸಲು ಉದ್ದೇಶಿಸಿದೆ, ಆಕ್ಷೇಪಣೆ ಇದ್ದರೆ 15 ದಿನದೊಳಗೆ ಸಲ್ಲಿಸಿ ಎಂದಿರುತ್ತದೆ. ಬೆಂಗಳೂರಿನ ಬಹುಪಾಲು ನಿವಾಸಿಗಳ ಸಂಘಗಳು ಇದನ್ನು ಕಂಡ ತಕ್ಷಣ ‘ನಮ್ಮ ನೆಮ್ಮದಿ ಹಾಳಾಗುತ್ತದೆ’ ಎಂದು ಒಂದು ಪುಟ ಬರೆದು, ಮನೆಮನೆ ಸುತ್ತಿ ಸಹಿ ಹಾಕಿಸಿ ಕೊಟ್ಟು ಬರುತ್ತವೆ. ಪತ್ರ ಕಡತ ಸೇರುತ್ತದೆ, ಆದರೆ ಕಡತದಲ್ಲಿ ಅದಕ್ಕೆ ಉತ್ತರ ಹೇಳಬೇಕಾದ ಪ್ರಮೇಯವೇ ಯಾರಿಗೂ ಬರುವುದಿಲ್ಲ. ಉತ್ತರ ಹೇಳಲೇಬೇಕಾಗುವಂಥ ಆಕ್ಷೇಪಣೆ ಬರೆಯುವುದು ಕಷ್ಟವಲ್ಲ, ಕ್ರಮ ಗೊತ್ತಿರಬೇಕು.

ಮೊದಲು ದಿನಾಂಕ ಮತ್ತು ಸಹಿ ನೋಡಿ

ಗಡುವು ಪ್ರಕಟಣೆ ಅಚ್ಚಾದ ದಿನದಿಂದ ಓಡುತ್ತದೆ, ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಬಂದ ದಿನದಿಂದಲ್ಲ. ಇಡೀ ಪುಟವನ್ನು, ಪತ್ರಿಕೆಯ ಹೆಸರು ಮತ್ತು ತಾರೀಖು ಕಾಣುವಂತೆ, ಎತ್ತಿಡಿ.

ಪ್ರಕಟಣೆಯ ಕೆಳಗೆ ಯಾರ ಸಹಿಯಿದೆಯೋ ಆಕ್ಷೇಪಣೆ ಹೋಗಬೇಕಾದ್ದು ಅವರಿಗೇ. ದೇವನಹಳ್ಳಿ ಕಡೆಯ ಜಮೀನಾದರೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ ಬೇರೆ, ಆನೇಕಲ್‌ನದು ಬೇರೆ, ನೆಲಮಂಗಲದ್ದು ಬೇರೆ. ಎಲ್ಲವನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೇ (ಬಿಡಿಎ) ಒಯ್ದು ಕೊಟ್ಟು ವಾರ ಕಳೆದುಕೊಳ್ಳುವವರಿದ್ದಾರೆ. ಕಾರ್ಪೊರೇಟರ್‌ಗೆ ಹೇಳಿದರೆ ಆಯಿತು ಅನ್ನುವ ನಂಬಿಕೆಯೂ ಬೇಡ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಯಿತು. ಯಾರೇ ಗೆದ್ದು ಬಂದರೂ ಈ ವಿಷಯ ಪಾಲಿಕೆಯ ಸಭೆಯಲ್ಲಿ ತೀರ್ಮಾನವಾಗುವುದಿಲ್ಲ, ಯೋಜನಾ ಪ್ರಾಧಿಕಾರದಲ್ಲಿ ಆಗುತ್ತದೆ.

ಇನ್ನೊಂದು ಗೊಂದಲ: ಭೂಪರಿವರ್ತನೆ ಬೇರೆ, ಭೂ ಉಪಯೋಗ ಬದಲಾವಣೆ ಬೇರೆ. ಮೊದಲನೆಯದು, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ತರುವುದು, ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಮಾಡುವುದು. ಎರಡನೆಯದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಡಿ ನಡೆಯುವುದು. ಪತ್ರದ ‘ವಿಷಯ’ದ ಸಾಲಿನಲ್ಲೇ 14ಎ ಎಂದು ನಮೂದಿಸಿ.

ಜಾಗ ಯಾವುದೆಂದು ಖಚಿತಪಡಿಸಿಕೊಳ್ಳಿ

ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹುಡುಕಿ, ಭೂಮಿ ತಂತ್ರಾಂಶದಿಂದ ಪಹಣಿ ತೆಗೆಸಿ, ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ದಿಶಾಂಕ್ ಒಳ್ಳೆಯ ಸಾಧನ, ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗಡಿಯ ವಿಷಯದಲ್ಲಿ ಗ್ರಾಮ ನಕ್ಷೆ ಮತ್ತು ಚಕ್ಕುಬಂದಿಯನ್ನೇ (ದಾಖಲೆಯಲ್ಲಿರುವ ನಾಲ್ಕು ದಿಕ್ಕಿನ ಗಡಿ ವಿವರ) ನಂಬಿ. ಪಹಣಿಯಲ್ಲಿ ‘ಬಿ ಖರಾಬು’ ಎಂದು ಎಷ್ಟು ಗುಂಟೆ ಇದೆ ನೋಡಿ. ಅದು ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯ ನೆಲ, ಖಾಸಗಿಯವರ ಅರ್ಜಿಯ ವಿಸ್ತೀರ್ಣದೊಳಗೆ ಅದು ಸೇರಿಕೊಂಡಿದ್ದರೆ ನಿಮ್ಮ ಮೊದಲ ಅಂಶ ಸಿಕ್ಕಿತು.

ಆಮೇಲೆ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ನಕ್ಷೆ. 2015ನ್ನು ಗುರಿಯಾಗಿಟ್ಟು 2007ರಲ್ಲಿ ಅನುಮೋದನೆಗೊಂಡ ಇದರಲ್ಲಿ ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ನಿಮ್ಮ ಜಿಲ್ಲೆಯ ಹಾಳೆಯಲ್ಲಿ ಆ ಸರ್ವೆ ನಂಬರಿಗೆ ಯಾವ ಬಣ್ಣವಿದೆ (ಒಂದೊಂದು ಉಪಯೋಗಕ್ಕೆ ಒಂದೊಂದು ಬಣ್ಣ) ನೋಡಿ, ಆ ಭಾಗದ ಪ್ರತಿ ಲಗತ್ತಿಸಿ. 2031ರ ಮಾಸ್ಟರ್ ಪ್ಲಾನಿನ ಕರಡು ನಕ್ಷೆಗಳು ಇನ್ನೂ ಹರಿದಾಡುತ್ತಿವೆ. 2017ರಲ್ಲಿ ಪ್ರಕಟವಾದ ಆ ಕರಡನ್ನು ಸರ್ಕಾರ ಹಿಂತೆಗೆದುಕೊಂಡಿದೆ. ಅದನ್ನು ಆಧಾರವಾಗಿ ಕೊಟ್ಟರೆ ನಿಮ್ಮ ಇಡೀ ಪತ್ರದ ವಿಶ್ವಾಸ ಹೋಗುತ್ತದೆ. ಸೈಟು ಮಾರುವ ಖಾಸಗಿ ಜಾಲತಾಣಗಳ ಬಣ್ಣದ ನಕ್ಷೆಗಳನ್ನೂ ಬಳಸಬೇಡಿ.

ಆಧಾರಗಳನ್ನು ಬರೆಯುವುದು

ಎಲ್ಲರೂ ಎಡವುವುದು ಇಲ್ಲಿ. 14ಎ ಕಲಮು ಭೂ ಉಪಯೋಗ ಬದಲಾವಣೆಗೆ ಕೆಲವೇ ಕಾರಣಗಳನ್ನು ಹೇಳುತ್ತದೆ: ನಕ್ಷೆಯಲ್ಲಿ ಆದ ತಪ್ಪು ಅಥವಾ ಬಿಟ್ಟುಹೋದ ಅಂಶ, ಯೋಜನೆಯಲ್ಲಿ ವಿವರ ಪೂರ್ತಿ ತೋರಿಸದೇ ಇದ್ದದ್ದು, ಯೋಜನೆಯ ಜಾರಿಯಿಂದ ಅಥವಾ ಆಗಿನ ಸಂದರ್ಭದಿಂದ ಬದಲಾವಣೆ ಅನಿವಾರ್ಯವಾದದ್ದು. ಅದರ ಜತೆಗೆ ಷರತ್ತುಗಳು: ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಯಾವ ಕಾನೂನನ್ನೂ ಮೀರಬಾರದು, ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ನಿಮ್ಮ ಪತ್ರದ ಒಂದೊಂದು ಪ್ಯಾರಾವೂ ಇವುಗಳಲ್ಲಿ ಒಂದಕ್ಕೆ ತಗಲಿಕೊಂಡಿರಬೇಕು. ‘ಗಲಾಟೆ ಹೆಚ್ಚುತ್ತದೆ’ ಎಂಬ ವಾಕ್ಯ ಯಾವುದಕ್ಕೂ ತಗಲುವುದಿಲ್ಲ.

ರಸ್ತೆಯಿಂದ ಶುರು ಮಾಡಿ. ಅರ್ಜಿಯಲ್ಲಿ 12 ಮೀಟರ್ ಎಂದಿರುವ ರಸ್ತೆ ನೆಲದ ಮೇಲೆ 7 ಮೀಟರ್ ಇರುವುದುಂಟು. ಟೇಪ್ ಹಿಡಿದು ಮೂರು ಕಡೆ ಅಳೆಯಿರಿ: ಮುಖ್ಯರಸ್ತೆಗೆ ಸೇರುವ ಬಾಯಿ, ನಡುಭಾಗ, ಆ ಜಮೀನಿನ ಎದುರು. ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆಯಬೇಕು; ಡಾಂಬರನ್ನಷ್ಟೇ ಅಳೆದರೆ ಅಗಲ ಕಡಿಮೆ ತೋರಿಸಿದಿರಿ ಎಂದು ಎದುರಿನವರು ನಿಮ್ಮ ಲೆಕ್ಕವನ್ನೇ ತಳ್ಳಿಹಾಕುತ್ತಾರೆ. ಟೇಪಿನ ಅಂಕಿ ಓದಲು ಬರುವಂತೆ ಫೋಟೊ ತೆಗೆದು ಹಿಂದೆ ಜಾಗ, ತಾರೀಖು ಬರೆಯಿರಿ. ರಸ್ತೆ ಅಗಲವೇ ಕಟ್ಟಡ ಎಷ್ಟು ಏಳಬಹುದು ಎಂಬುದನ್ನು ನಿರ್ಧರಿಸುವುದರಿಂದ ಈ ಒಂದು ಅಳತೆಗೆ ಹತ್ತು ಪುಟದ ವಾದಕ್ಕಿಂತ ಬೆಲೆ ಹೆಚ್ಚು.

ರಾಜಕಾಲುವೆ ಅಥವಾ ಕೆರೆ ಪಕ್ಕದಲ್ಲಿದ್ದರೆ ಅಂಕಿಯನ್ನು ಸರಿಯಾಗಿ ಬರೆಯಿರಿ. 2015ರ ಯೋಜನೆಯ ವಲಯ ನಿಯಮಾವಳಿಯಲ್ಲಿ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಎರಡೂ ಬದಿ ಕಟ್ಟಡವಿಲ್ಲದೆ ಬಿಡಬೇಕಾದ ಮೀಸಲು. ಇದನ್ನು ಕಾಲುವೆಯ ನಡುಗೆರೆಯಿಂದ ಅಳೆಯುವುದು, ದಡದಿಂದಲ್ಲ. ಕೆರೆಗೆ 30 ಮೀಟರ್, ಕಂದಾಯ ದಾಖಲೆಯ ಗಡಿಯಿಂದ. ಇಂದಿಗೂ ಎಷ್ಟೋ ಪತ್ರಗಳಲ್ಲಿ ಕೆರೆಗೆ ‘75 ಮೀಟರ್’ ಎಂದಿರುತ್ತದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಹಾಗೆ ಹೇಳಿದ್ದು ನಿಜ, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ಹಳೆಯ ಮಾದರಿ ಪತ್ರ ನಕಲು ಮಾಡಿದವರೇ ಹೆಚ್ಚಾಗಿ ಇಲ್ಲಿ ಸಿಕ್ಕಿಬೀಳುತ್ತಾರೆ. ಸಲ್ಲಿಸುವ ಮೊದಲು ನಿಯಮಗಳಿಗೆ ತಿದ್ದುಪಡಿ ಬಂದಿದೆಯೇ ಎಂದೂ ನೋಡಿಕೊಳ್ಳಿ.

ಜಾಗ ಉದ್ಯಾನವೋ ಆಟದ ಮೈದಾನವೋ ಆಗಿದ್ದರೆ ನಿಮ್ಮ ಕೈ ಇನ್ನೂ ಬಲ. ಬಿಡಿಎ ಕಾಯ್ದೆ, 1976ರ 38ಎ ಕಲಮಿನ ಪ್ರಕಾರ ಉದ್ಯಾನ, ಆಟದ ಮೈದಾನಕ್ಕೆಂದು ಕಾಯ್ದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಅದು ಅಸಿಂಧು. ಸದಾಶಿವನಗರ ಭಾಗದಲ್ಲಿ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಒಪ್ಪಲಿಲ್ಲ. ಆ ತೀರ್ಪನ್ನು ಒಂದು ಸಾಲಿನಲ್ಲಿ ಹೆಸರಿಸಿ. ಮಂಜೂರಾದ ಬಡಾವಣೆ ನಕ್ಷೆಯ ಪ್ರತಿ ಜತೆಗಿರಲಿ.

ಕೊನೆಯ ಪ್ಯಾರಾದಲ್ಲಿ ಎರಡು ಬೇಡಿಕೆ ಸ್ಪಷ್ಟವಾಗಿರಲಿ: ಖುದ್ದು ಅಹವಾಲು ಹೇಳಲು ಅವಕಾಶ ಕೊಡಿ, ಆಕ್ಷೇಪಣೆಯ ಮೇಲಿನ ತೀರ್ಮಾನವನ್ನು ಹಿಂಬರಹದ (ಕಚೇರಿಯ ಲಿಖಿತ ಉತ್ತರ) ಮೂಲಕ ತಿಳಿಸಿ. ಅರ್ಜಿದಾರನ ಜಾತಿ, ಪಕ್ಷ, ಹಣದ ಮಾತು ಬೇಡವೇ ಬೇಡ. ಎರಡು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ.

ಸಹಿಯ ವಿಷಯ: ಒಂದೇ ಪತ್ರಕ್ಕೆ ಮುನ್ನೂರು ಸಹಿಗಿಂತ ಬೇರೆ ಬೇರೆ ಅಂಶದ ಹತ್ತು ಪತ್ರ ಮೇಲು. ಸಹಿ ಹಾಳೆ ಬಿಡಿಯಾಗಿದ್ದರೆ ಯಾವ ಪತ್ರಕ್ಕೆ ಹಾಕಿದ್ದೆಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಪ್ರತಿ ಸಹಿ ಹಾಳೆಯ ನೆತ್ತಿಯಲ್ಲೂ ಸರ್ವೆ ನಂಬರ್ ಮತ್ತು ವಿಷಯ ಬರೆದಿರಬೇಕು.

ಕೊಡುವುದು

ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಮೂರನ್ನೂ ಹಾಕಿಸಿಕೊಳ್ಳಿ. ಬರೀ ಇ-ಮೇಲ್ ಕಳಿಸಿ ಸುಮ್ಮನಾಗಬೇಡಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್. ರಿಜಿಸ್ಟರ್ಡ್ ಪೋಸ್ಟ್ ಈಗ ಅದರಲ್ಲೇ ವಿಲೀನವಾಗಿದೆ.

ವಿಳಾಸದಲ್ಲಿ ಅಧಿಕಾರಿಯ ಹೆಸರು ಬರೆಯದೆ ಹುದ್ದೆ ಬರೆಯಿರಿ. ಸರ್ಕಾರಿ ನೌಕರರು 60ಕ್ಕೆ, ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹೆಸರಿಗೆ ಬಂದ ಲಕೋಟೆ ಅವರ ಹಿಂದೆಯೇ ಅಲೆಯುತ್ತದೆ. ಬಡಾವಣೆಗೆ ಒಳ್ಳೆಯದು ಮಾಡಿದ ಅಧಿಕಾರಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಡುವುದು ಒಳ್ಳೆಯ ಪದ್ಧತಿ, ತಪ್ಪದೆ ಮಾಡಿ. ಆದರೆ ಆ ವೇದಿಕೆಯ ಮೇಲೆ ಆಕ್ಷೇಪಣೆಯನ್ನು ಕೈಗೆ ಕೊಡಬೇಡಿ. ಅದು ಟಪಾಲು ಪುಸ್ತಕಕ್ಕೆ ಏರುವುದಿಲ್ಲ, ಸೋಮವಾರದಿಂದ ಆ ಕುರ್ಚಿಯಲ್ಲಿ ಕೂರುವವರಿಗೆ ಅದು ಬಂದಿದ್ದೇ ತಿಳಿಯುವುದಿಲ್ಲ.

ಬದಲಾವಣೆಗೆ ಸರ್ಕಾರದ ಪೂರ್ವಾನುಮೋದನೆ ಬೇಕು. ಹಾಗಾಗಿ ಇನ್ನೊಂದು ಪ್ರತಿಯನ್ನು ವಿಕಾಸಸೌಧದಲ್ಲಿರುವ ನಗರಾಭಿವೃದ್ಧಿ ಇಲಾಖೆಗೆ ಕೊಟ್ಟು ಅಲ್ಲೂ ಮೊಹರು ಹಾಕಿಸಿ. ಈ ಪ್ರತಿಯನ್ನು ಮರೆಯುವವರೇ ಹೆಚ್ಚು.

ಆಮೇಲೆ

ಮಾಹಿತಿ ಹಕ್ಕಿನಲ್ಲಿ ಕಡತ ತರಿಸಿಕೊಂಡು ಆಮೇಲೆ ಬರೆಯೋಣ ಎಂದು ಕಾಯಬೇಡಿ. ಉತ್ತರಕ್ಕೆ 30 ದಿನದ ಕಾಲಾವಕಾಶವಿದೆ, ನಿಮಗಿರುವುದು 15. ಆಕ್ಷೇಪಣೆ ಕೊಟ್ಟ ದಿನವೇ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಕಡತ ಪರಿಶೀಲನೆಗೂ ಅವಕಾಶ ಕೇಳಿ. ಕಡತದಲ್ಲಿ ಮೂರು ಸಂಗತಿ ನೋಡಿ: ಸ್ಥಳ ಪರಿಶೀಲನಾ ವರದಿಯಲ್ಲಿ ರಸ್ತೆ ಅಗಲ ಎಷ್ಟೆಂದಿದೆ, ನಿಮ್ಮ ಪತ್ರ ಪುಟ ಸಂಖ್ಯೆಯೊಂದಿಗೆ ಸೇರಿದೆಯೇ, ಟಿಪ್ಪಣಿ ಹಾಳೆಯಲ್ಲಿ ‘ಆಕ್ಷೇಪಣೆ ಬಂದಿಲ್ಲ’ ಎಂದು ಬರೆದಿದ್ದಾರೆಯೇ. ಹಾಗೆ ಬರೆದಿದ್ದರೆ ಮೊಹರಿನ ಪ್ರತಿ ಲಗತ್ತಿಸಿ ಅಂದೇ ನೆನಪೋಲೆ ಕೊಡಿ, ನಗರಾಭಿವೃದ್ಧಿ ಇಲಾಖೆಗೂ ಅದರ ಪ್ರತಿ ಹೋಗಲಿ. ಹೈಕೋರ್ಟಿಗೆ ರಿಟ್ ಹಾಕುವ ಸಂದರ್ಭ ಬಂದರೆ ವಕೀಲರು ಮೊದಲು ಕೇಳುವುದು ಆ ಮೊಹರಿನ ಪ್ರತಿಯನ್ನೇ. ಮೂಲವನ್ನು ಯಾರಿಗೂ ಕೊಡದೆ, ಜೆರಾಕ್ಸ್ ಮಾತ್ರ ಹಂಚಿ.