ಮನೆಯ ಬೋರ್‌ವೆಲ್: ಕೊರೆಯುವ ದಿನದಿಂದ ಪಂಪ್ ಎತ್ತುವ ದಿನದವರೆಗೆ

ಬೋರ್ ಕೊರೆಯುವ ದಿನ ಎಲ್ಲರ ಕಣ್ಣೂ ಚಿಮ್ಮುವ ನೀರಿನ ಮೇಲೆ. ಕಾಗದ, ಪೆನ್ನು ಹಿಡಿದು ನಿಲ್ಲುವವರು ಕಡಿಮೆ. ಕೇಸಿಂಗ್ (ಮಣ್ಣು ಕುಸಿಯದಂತೆ ಬೋರ್‌ನೊಳಗೆ ಇಳಿಸುವ ಪೈಪ್) ಎಷ್ಟು ಅಡಿ ಇಳಿಯಿತು, ಯಾವ ಯಾವ ಆಳದಲ್ಲಿ ನೀರು ತಗುಲಿತು, ಒಟ್ಟು ಆಳ ಎಷ್ಟು, ಮರುದಿನ ನೀರು ಎಷ್ಟು ಅಡಿಯಲ್ಲಿ ನಿಂತಿದೆ – ಈ ನಾಲ್ಕನ್ನು ಅಲ್ಲೇ ಬರೆದಿಡಿ. ಪಂಪಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಜಾಗ ಆರಿಸುವಾಗ ಶೌಚದ ಗುಂಡಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ, 30 ಆದರೆ ಇನ್ನೂ ಒಳ್ಳೆಯದು. ಇಳಿಜಾರಿದ್ದರೆ ಬಾವಿ ಗುಂಡಿಗಿಂತ ಮೇಲ್ಭಾಗದಲ್ಲಿರಲಿ. ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು. ಮುಂದೆ ಪೈಪ್ ಎತ್ತಬೇಕಾಗುತ್ತದೆ, ಹಾಗಾಗಿ ಬೋರ್ ಮೇಲೆ ಮೆಟ್ಟಿಲು, ಸ್ಲ್ಯಾಬ್ ಕಟ್ಟಿಕೊಳ್ಳಬೇಡಿ.

ಕಲ್ಲಿನ ನೆಲದಲ್ಲಿ ಮೇಲ್ಮಣ್ಣು, ಮೆತ್ತನೆಯ ಕಲ್ಲು ದಾಟಿ ಗಟ್ಟಿ ಬಂಡೆಯೊಳಗೆ ಒಂದು ಮೀಟರ್‌ನಷ್ಟು ಕೇಸಿಂಗ್ ಕೂರಬೇಕು. ಜಿಪುಣತನ ಮಾಡಬಾರದ ಜಾಗ ಇದು. ಎರಡು ಪೈಪ್ ಉಳಿಸಲು ಹೋದರೆ ಮಳೆಗಾಲದಲ್ಲಿ ಮಣ್ಣು ಜಾರಿ ಪಂಪ್ ಒಳಗೇ ಸಿಕ್ಕಿಕೊಳ್ಳುತ್ತದೆ. ಕೇಸಿಂಗ್ ಸುತ್ತಲಿನ ಸಂದಿಗೆ ಸಿಮೆಂಟ್ ಹಾಲನ್ನೋ ಬೆಂಟೊನೈಟನ್ನೋ (ನೀರು ತಗುಲಿದರೆ ಉಬ್ಬುವ ಜೇಡಿಮಣ್ಣು) ತುಂಬಿಸಿ. ಅಗೆದ ಮಣ್ಣನ್ನೇ ತಳ್ಳಿ ಮುಚ್ಚಿದರೆ ಅಂಗಳದ ಕೊಳಕು ನೀರಿಗೆ ಅದೇ ದಾರಿ. ಬಾಯಿ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಸುತ್ತ ಹೊರಕ್ಕೆ ಇಳಿಜಾರಾದ ಕಟ್ಟೆ ಇರಲಿ. ಮರಳು ನೆಲದ ಕಥೆಯೇ ಬೇರೆ: ಅಲ್ಲಿ ತಳದವರೆಗೂ ಪೈಪ್, ನೀರಿನ ಪದರದೆದುರು ಸೀಳಿದ ಪೈಪ್, ಅದರ ಸುತ್ತ ಜಲ್ಲಿ ಬೇಕು.

ಕೊರೆದಾದ ಮೇಲೆ ನೀರು ತಿಳಿಯಾಗುವವರೆಗೂ ಫ್ಲಶಿಂಗ್ ಮಾಡಿಸಿ, ಅಂದರೆ ಗಾಳಿ ಊದಿ ಒಳಗಿನ ಕೆಸರನ್ನೆಲ್ಲ ಹೊರಹಾಕಿಸಿ. ಬೆರಳ ನಡುವೆ ಉಜ್ಜಿದರೆ ಕಲ್ಲುಪುಡಿ ತರಿತರಿ ಎನ್ನಬಾರದು.

ಈಗ ಅಳತೆ. 'ಎರಡು ಇಂಚು ನೀರು' ಎಂದರೆ ಒಂದು ಇಂಚಿನ ಎರಡರಷ್ಟಲ್ಲ. 90 ಡಿಗ್ರಿಯ ವಿ-ನಾಚ್ ತಗಡಿನಲ್ಲಿ (ನೀರು ಹರಿಯಲು ವಿ ಆಕಾರದ ಕಚ್ಚು ಮಾಡಿದ ತಗಡು) ಒಂದು ಇಂಚು ಎತ್ತರ ಹರಿದರೆ ನಿಮಿಷಕ್ಕೆ ಸುಮಾರು 8.5 ಲೀಟರ್, ಎರಡು ಇಂಚು ಹರಿದರೆ ಸುಮಾರು 48. ಇನ್ನೊಂದು ಮೋಸವೂ ಉಂಟು: ಆರೂವರೆ ಇಂಚಿನ ಬೋರ್ ಮೀಟರಿಗೆ 21 ಲೀಟರ್ ಹಿಡಿಯುತ್ತದೆ. ನೂರು ಮೀಟರ್ ನೀರು ನಿಂತಿದ್ದರೆ ಅದೇ 2,100 ಲೀಟರ್. ಮೊದಲ ಅರ್ಧ ಗಂಟೆಯ ಭರಾಟೆಯೆಲ್ಲ ಆ ದಾಸ್ತಾನಿನದೇ. ಕನಿಷ್ಠ ನಾಲ್ಕು ಗಂಟೆ ಪಂಪ್ ಓಡಿಸಿ, ಮಟ್ಟ ಇಳಿಯುವುದು ನಿಂತ ಮೇಲೆ 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 40 ಸೆಕೆಂಡ್ ಆದರೆ ನಿಮಿಷಕ್ಕೆ 30 ಲೀಟರ್. ನಿಜವಾದ ಇಳುವರಿ ಅದು.

ಪಂಪ್ ಅದಕ್ಕೆ ತಕ್ಕಂತಿರಲಿ. ಓಡುವಾಗಿನ ನೀರಿನ ಮಟ್ಟ 60 ಮೀಟರ್, ನೆಲದಿಂದ ಟ್ಯಾಂಕಿಗೆ 10, ಪೈಪಿನ ಘರ್ಷಣೆಗೆ 5 ಎಂದರೆ ಹೆಡ್, ಅಂದರೆ ಪಂಪ್ ನೀರೆತ್ತಬೇಕಾದ ಒಟ್ಟು ಎತ್ತರ, 75 ಮೀಟರ್. ನಿಮಿಷಕ್ಕೆ 30 ಲೀಟರ್ ಎತ್ತಲು, ಪಂಪಿನ ದಕ್ಷತೆ ಶೇ 40 ಎಂದುಕೊಂಡರೆ, 920 ವ್ಯಾಟ್ ಬೇಕು. ಒಂದೂವರೆ ಎಚ್‌ಪಿ ಸಾಕು. 'ಇರಲಿ ಬಿಡಿ' ಎಂದು ಮೂರು ಎಚ್‌ಪಿ ಇಳಿಸಿದರೆ ನೀರು ಹೆಚ್ಚಾಗುವುದಿಲ್ಲ, ಬೋರ್ ಬೇಗ ಬರಿದಾಗಿ ಮೋಟಾರ್ ಸುಡುತ್ತದೆ, ಅಷ್ಟೆ.

ಕೇಬಲ್ ದಪ್ಪವೂ ಹಾಗೆಯೇ ಲೆಕ್ಕದ ಮಾತು. 80 ಮೀಟರ್ ಉದ್ದದ ತಾಮ್ರದ ಕೇಬಲ್‌ನಲ್ಲಿ 10 ಆಂಪ್ ಹರಿದರೆ 1.5 ಚದರ ಮಿ.ಮೀ. ತಂತಿ ಸುಮಾರು 19 ವೋಲ್ಟ್ ನುಂಗುತ್ತದೆ, 4 ಚದರ ಮಿ.ಮೀ. ಆದರೆ ಏಳೂವರೆ ಮಾತ್ರ. ಜಾಯಿಂಟ್ ಹಾಕುವಾಗ ಮೂರು ತಂತಿಗಳ ಗಂಟು ಒಂದೇ ಕಡೆ ಬರದಂತೆ ಹಿಂದೆ ಮುಂದೆ ಕತ್ತರಿಸಿ, ಲೋಹದ ಕೊಳವೆಯೊಳಗೆ ಒತ್ತಿ ಕ್ರಿಂಪ್ ಮಾಡಿ, ಮೊದಲು ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಪಿವಿಸಿ ಟೇಪ್. ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಗ್ಗರ್‌ನಲ್ಲಿ (ವಿದ್ಯುತ್ ಸೋರದಂತೆ ತಡೆಯುವ ನಿರೋಧ ಅಳೆಯುವ ಮೀಟರ್) ನೋಡಿ: ಹೊಸ ಮೋಟಾರು, ಕೇಬಲ್ ಸೇರಿ 20 ಮೆಗಾಓಮ್ ಮೀರಿರಬೇಕು. ಕಡಿಮೆ ಬಂದರೆ ಇಳಿಸಬೇಡಿ, ಜಾಯಿಂಟ್ ಬಿಚ್ಚಿ.

ನೀರು ತುಂಬುವ ಮಾದರಿಯ ಮೋಟಾರಾದರೆ ಗುಳ್ಳೆ ನಿಲ್ಲುವವರೆಗೂ ಶುದ್ಧ ನೀರು ತುಂಬಿಸಿ. ಮೂರು ಮೀಟರಿಗೊಮ್ಮೆ ಕೇಬಲನ್ನು ಪೈಪಿಗೆ ಕಟ್ಟಿ. ಕೇಬಲ್ ಹಿಡಿದು ಪಂಪನ್ನು ಎಂದೂ ತೂಗಬೇಡಿ. ಪಂಪ್ ತಳದಿಂದ ಐದಾರು ಮೀಟರ್ ಮೇಲಿರಲಿ, ಇಲ್ಲವಾದರೆ ಕೆಸರು ಹೀರುತ್ತದೆ. ನೀರು ಬರುವ ಬಂಡೆಯ ಬಿರುಕು ಪಂಪಿಗಿಂತ ಮೇಲಿದ್ದರೆ ನೀರು ಪಂಪಿನ ಕೆಳಗಿರುವ ಮೋಟಾರನ್ನು ಸವರದೆಯೇ ಪಂಪ್ ಸೇರುತ್ತದೆ, ಮೋಟಾರ್ ತಣಿಯುವುದಿಲ್ಲ. ಅಂಥಲ್ಲಿ ಮೋಟಾರಿಗೆ ಕೂಲಿಂಗ್ ಜಾಕೆಟ್ (ನೀರು ಮೋಟಾರನ್ನು ಸವರಿಯೇ ಹೋಗುವಂತೆ ಮಾಡುವ ಕವಚ) ತೊಡಿಸಿ. ಜೊತೆಗೆ ಮುಕ್ಕಾಲು ಇಂಚಿನ ಒಂದು ಪಿವಿಸಿ ಪೈಪನ್ನೂ ಇಳಿಸಿ. ಮುಂದೆ ನೀರಿನ ಮಟ್ಟ ಅಳೆಯಲು ಅದೇ ಕಿಂಡಿ. ಪ್ಯಾನಲ್‌ನಲ್ಲಿ ಡ್ರೈ ರನ್ ರಕ್ಷಣೆ (ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ ವ್ಯವಸ್ಥೆ) ಇರಲೇಬೇಕು.

ಕೆಟ್ಟಾಗ ಮೊದಲು ನೋಡಬೇಕಾದ್ದು ಆಂಪ್ ಮೀಟರ್. ಆಂಪ್ ತಗ್ಗಿ ನೀರೂ ಇಲ್ಲವೆಂದರೆ ಬೋರ್ ಒಣಗಿದೆ ಅಥವಾ ಶಾಫ್ಟ್ (ಮೋಟಾರಿನಿಂದ ಪಂಪ್ ತಿರುಗಿಸುವ ದಂಡ) ತುಂಡಾಗಿದೆ. ಆಂಪ್ ಏರಿದ್ದರೆ ಮರಳು ಸಿಕ್ಕಿ ಬಿಗಿದಿದೆ, ಇಲ್ಲವೇ ವೋಲ್ಟೇಜ್ ಕಡಿಮೆ. ಆಂಪ್ ಸರಿಯಿದ್ದೂ ಟ್ಯಾಂಕ್ ತುಂಬದಿದ್ದರೆ ಪೈಪ್ ತೂತಾಗಿರಬಹುದು: ಬೋರ್ ಬಾಯಿಗೆ ಕಿವಿಯಿಡಿ, ಒಳಗೆ ನೀರು ಸುರಿಯುವ ಸದ್ದು ಕೇಳಿಸುತ್ತದೆ. ಸಿಂಗಲ್ ಫೇಸ್ ಮೋಟಾರ್ ಗುಂಯ್ ಎಂದು ತಿರುಗದಿದ್ದರೆ ಪಂಪ್ ಎತ್ತಿಸುವ ಮೊದಲು ಕೆಪಾಸಿಟರ್ ಬದಲಿಸಿ ನೋಡಿ. ತ್ರೀ ಫೇಸ್‌ನಲ್ಲಿ ನೀರು ಸೊರಗಿದ್ದರೆ ಉಲ್ಟಾ ತಿರುಗುತ್ತಿರಬಹುದು. ಎರಡು ಫೇಸ್ ಅದಲುಬದಲು ಮಾಡಿದರೆ ಸಾಕು.

ಪಂಪ್ ಎತ್ತಿ ಇಳಿಸಿದಾಗಲೆಲ್ಲ ಕ್ಲೋರಿನ್ ಹಾಕಿ. 60 ಮೀಟರ್ ನೀರು ನಿಂತಿದ್ದರೆ 1,260 ಲೀಟರ್. ಶೇ 25ರ ಬ್ಲೀಚಿಂಗ್ ಪುಡಿ 250 ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು, 12 ಗಂಟೆ ಬಿಟ್ಟು, ವಾಸನೆ ಹೋಗುವವರೆಗೂ ಹೊರಗೆ ಹರಿಸಿ. ಗಿಡಗಳಿಗೆ, ಶೌಚದ ಗುಂಡಿಗೆ ಬಿಡಬೇಡಿ. ವರ್ಷಕ್ಕೊಮ್ಮೆ ಕೋಲಿಫಾರ್ಮ್ (ಕೊಳಕು ನೀರು ಸೇರಿದೆಯೇ ಎಂದು ತೋರಿಸುವ ಬ್ಯಾಕ್ಟೀರಿಯಾ), ನೈಟ್ರೇಟ್ ಪರೀಕ್ಷೆ ಆಗಲಿ. ಫ್ಲೋರೈಡನ್ನು ಬಾವಿ ಹೊಸದಿರುವಾಗಲೇ ನೋಡಿಸಿ: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಕುದಿಸಿದರೆ ಅದು ಹೋಗುವುದಿಲ್ಲ.

ಪಂಪ್ ರಿಪೇರಿಗೆ ಹೋದ ಒಂದೇ ರಾತ್ರಿಯಾದರೂ ಸರಿ, ಬೋರ್ ಬಾಯಿ ತೆರೆದಿರಬಾರದು. ಚೀಲ, ಕಲ್ಲು ಇಟ್ಟು ಮುಚ್ಚಿದ್ದನ್ನು ಮಕ್ಕಳು ಸರಿಸಿಬಿಡುತ್ತಾರೆ. ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಕ್ಯಾಪ್ ಬೇಕು. ನೀರು ಬಾರದೆ ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೂ ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿ.