ಸಮ್ಮಿಳನ ಶಕ್ತಿಯಿಂದ ವಿಮಾನ ಹಾರೀತೇ? ಬೋರ್ಡಿನ ಮೇಲೆ ಲೆಕ್ಕ ಹಾಕಿ ನೋಡುವ ಬಗೆ

ನಾನು ಬೀದರಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ವಾಯುಪಡೆಯ ಹಾಕ್ ವಿಮಾನಗಳು ಮೇಲೆ ಹಾದುಹೋಗುವ ಊರು, ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ: "ಸರ್, ವಿಮಾನದಾಗ ಸಮ್ಮಿಳನ ರಿಯಾಕ್ಟರ್ ಇಟ್ರ ಎಣ್ಣಿ ತುಂಬೋದೇ ಬ್ಯಾಡಲ್ರೀ?" ಸಮ್ಮಿಳನವೆಂದರೆ ಹಗುರ ಪರಮಾಣುಗಳ ಬೀಜಗಳು ಕೂಡಿ ಶಕ್ತಿ ಬಿಡುವುದು. ನೀವೂ ಕಲಿಸುವವರಾದರೆ, ಕೇಳಿದವರ ಕೈಗೇ ಸೀಮೆಸುಣ್ಣ ಕೊಡಿ. ದ್ವಿತೀಯ ಪಿಯು ಲೆಕ್ಕ ಸಾಕು.

ಮೊದಲು ಇಂಧನ. ಹೈಡ್ರೋಜನ್ನಿನ ಎರಡು ಭಾರದ ರೂಪಗಳಾದ ಡ್ಯೂಟೀರಿಯಂ, ಟ್ರಿಟಿಯಂ ಒಂದೊಂದು ಕೂಡಿದರೆ 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬರುತ್ತದೆ. ಅದನ್ನು ಜೂಲ್‌ಗೆ ಬದಲಿಸಿ, ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿ, 5ರಿಂದ (ಎರಡರ ದ್ರವ್ಯರಾಶಿ ಸಂಖ್ಯೆ, 2 + 3) ಭಾಗಿಸಿ. ಗ್ರಾಂಗೆ ಸುಮಾರು 340 ಗಿಗಾಜೂಲ್ ಬರುತ್ತದೆ. ವಿಮಾನದ ಎಣ್ಣೆ ಕಿಲೋಗೆ 43 ಮೆಗಾಜೂಲ್ ಕೊಡುತ್ತದೆ. ಅಂದರೆ ಒಂದು ಗ್ರಾಂ ಹೆಚ್ಚುಕಡಿಮೆ ಎಂಟು ಟನ್ ಎಣ್ಣೆಗೆ ಸಮ. ಎಷ್ಟೋ ವಿಡಿಯೋಗಳು ಇಲ್ಲಿಗೇ ಮುಗಿಯುತ್ತವೆ. ನೀವು ಮುಂದುವರಿಸಿ.

ಈಗ ಎಂಜಿನ್. ಎಟಿಆರ್ 72 ಎಂಬ ಸಣ್ಣ ಪ್ರಯಾಣಿಕ ವಿಮಾನ ತೆಗೆದುಕೊಳ್ಳಿ. ಎರಡು ಎಂಜಿನ್ ಸೇರಿ ಸುಮಾರು 4 ಮೆಗಾವಾಟ್. ಶಾಖದಲ್ಲಿ ಶೇ 40 ಕೆಲಸಕ್ಕೆ ಬಂತೆಂದರೂ ರಿಯಾಕ್ಟರ್ 10 ಮೆಗಾವಾಟ್ ಕೊಡಬೇಕು. ಅದರಲ್ಲಿ ಶೇ 80 ನ್ಯೂಟ್ರಾನ್‌ಗಳ ಪಾಲು, ಸೆಕೆಂಡಿಗೆ ಸುಮಾರು 3.5 × 10¹⁸. ಇವಕ್ಕೆ ವಿದ್ಯುದಾವೇಶವಿಲ್ಲ, ಕಾಂತಕ್ಷೇತ್ರ ಹಿಡಿದಿಡುವುದಿಲ್ಲ. ತಡೆಯಲು ದಪ್ಪ ಗೋಡೆಯೇ ಬೇಕು.

ಇಲ್ಲಿ ನಿಧಾನ ಮಾಡಿ. ಎರಡು ಮೀಟರ್ ವ್ಯಾಸದ ಗೋಳ ಬರೆಯಿರಿ, ಅದು ರಿಯಾಕ್ಟರ್. (ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಪ್ರಾಯೋಗಿಕ ಸಮ್ಮಿಳನ ರಿಯಾಕ್ಟರ್ ಐಟಿಇಆರ್ 23,000 ಟನ್ ತೂಗುತ್ತದೆ. ನಾವು ಬಹಳ ಉದಾರವಾಗಿದ್ದೇವೆ.) ನ್ಯೂಟ್ರಾನ್ ತಡೆಯುವ ಗೋಡೆಯಾಗಿ ಸುತ್ತ ಒಂದು ಮೀಟರ್ ದಪ್ಪ ನೀರು ತುಂಬಿ. ದೊಡ್ಡ ಗೋಳದ ತ್ರಿಜ್ಯ 2, ಚಿಕ್ಕದರದು 1. ಘನಫಲ ಕಳೆದರೆ 29 ಘನ ಮೀಟರ್, ತೂಕ 29 ಟನ್. ಎಟಿಆರ್ 72 ತುಂಬಿದ ಹೊರೆಯೊಂದಿಗೆ ಮೇಲೇಳಬಹುದಾದ ಗರಿಷ್ಠ ತೂಕವೇ 23 ಟನ್. ಈ 29ರಲ್ಲಿ ರಿಯಾಕ್ಟರೂ ಸೇರಿಲ್ಲ, ಪ್ರಯಾಣಿಕರೂ ಸೇರಿಲ್ಲ. ಒಂದು ಮೀಟರ್ ನೀರು ಸಾಲುವುದೂ ಇಲ್ಲ.

ಚರಿತ್ರೆಯನ್ನೂ ಹೇಳಿ. 1955ರಿಂದ 57ರವರೆಗೆ ಅಮೆರಿಕದ ಎನ್‌ಬಿ-36ಎಚ್ ವಿಮಾನ 1 ಮೆಗಾವಾಟಿನ ವಿದಳನ (ಭಾರದ ಪರಮಾಣು ಬೀಜ ಒಡೆಯುವ) ರಿಯಾಕ್ಟರ್ ಹೊತ್ತು 47 ಸಲ ಹಾರಿತು. ಹಾರಿದ್ದು ಮಾಮೂಲಿ ಎಣ್ಣೆಯಿಂದಲೇ. ಸಿಬ್ಬಂದಿ ಕೂತಿದ್ದು ಸೀಸ-ರಬ್ಬರಿನ ಭಾರಿ ಕೋಣೆಯಲ್ಲಿ. ಅಣುಶಕ್ತಿಯಿಂದ ವಿಮಾನ ಹಾರಿಸುವ ಆ ಯೋಜನೆಯನ್ನು 1961ರಲ್ಲಿ ಕೈಬಿಟ್ಟರು.

ನನ್ನ ಅಭಿಪ್ರಾಯ ಕೇಳಿದರೆ ರಿಯಾಕ್ಟರ್ ನೆಲದ ಮೇಲಿರಲಿ. ಅದರ ವಿದ್ಯುತ್ತಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯಬಹುದು, ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿ ವಿಮಾನದ ಎಣ್ಣೆಯನ್ನೇ ಮಾಡಬಹುದು. ಆದರೂ ಆತುರದ ಮಾತು ಬೇಡ: 2022ರ ಡಿಸೆಂಬರಿನಲ್ಲಿ ಅಮೆರಿಕದ ಎನ್‌ಐಎಫ್ ಎಂಬ ಲೇಸರ್ ಸಮ್ಮಿಳನ ಪ್ರಯೋಗಾಲಯ 2.05 ಮೆಗಾಜೂಲ್ ಲೇಸರ್ ಬೆಳಕಿಗೆ 3.15 ಮೆಗಾಜೂಲ್ ಸಮ್ಮಿಳನ ಶಕ್ತಿ ಪಡೆಯಿತು, ಆದರೆ ಆ ಲೇಸರ್ ನಡೆಸಲು ಸುಮಾರು 300 ಮೆಗಾಜೂಲ್ ವಿದ್ಯುತ್ ಹಿಡಿದಿತ್ತು.

ಚುರುಕಿನ ಮಕ್ಕಳು ಇನ್ನೊಂದು ಸಮ್ಮಿಳನ ಇಂಧನ, ಪ್ರೋಟಾನ್-ಬೋರಾನ್ ಜೋಡಿಯ ಹೆಸರು ಎತ್ತುತ್ತಾರೆ. ಒಳ್ಳೆಯ ಪ್ರಶ್ನೆ. ಅದರಲ್ಲಿ 8.7 ಮೆಗಾ ಎಲೆಕ್ಟ್ರಾನ್ ವೋಲ್ಟ್ ಮೂರು ಆಲ್ಫಾ ಕಣಗಳಿಗೆ (ಹೀಲಿಯಂ ಬೀಜಗಳಿಗೆ) ಹೋಗುತ್ತದೆ, ನ್ಯೂಟ್ರಾನ್ ಬಹಳ ಕಡಿಮೆ, ಗೋಡೆ ತೆಳುವಾದೀತು. ಬೇಕಾದ ಉಷ್ಣತೆ ಮಾತ್ರ ನೂರು ಕೋಟಿ ಡಿಗ್ರಿ ದಾಟುತ್ತದೆ. ಗ್ರಾಂಗೆ ಎಷ್ಟು ಜೂಲ್ ಎಂಬುದನ್ನು ಮನೆಗೆಲಸಕ್ಕೆ ಕೊಡಿ. ಈ ಸಲ ಭಾಗಿಸಬೇಕಾದ್ದು 12ರಿಂದ.